ಅಗುಪ್ತಿ ಭಯವೂ ಗುಪ್ತಿಯ ಧರ್ಮವೂ

ಸಮ್ಯಗ್ದೃಷ್ಟಿಯಾದವನು ಏಳು ಬಗೆಯ ಭಯಗಳಿಂದ ದೂರನಾಗಿರುತ್ತಾನೆಂಬುದು ಜೈನಾಚಾರ್ಯರ ಮತ. ಇಹಲೋಕ, ಪರಲೋಕ, ವೇದನಾ, ಅತ್ರಾಣ, ಅಗುಪ್ತಿ, ಮರಣ, ಆಕಸ್ಮಿಕ ಎಂಬ ಈ ಏಳರಲ್ಲಿ ಅಗುಪ್ತಿ ಭಯವೆಂದರೆ, ಭದ್ರವಾದ ಕೋಟೆ ಬಾಗಿಲುಗಳಿಲ್ಲದ ಕಾರಣ ಪರರು ಒಳನುಗ್ಗಿ ತನ್ನದನ್ನು ಅಪಹರಿಸಿಯಾರೆಂಬ ಅಳುಕು. ಹಿಂದೆ ಈ ಭಯ ಮನೆಯ ಹೆಬ್ಬಾಗಿಲನ್ನೂ ಬಸದಿಯ ಗರ್ಭಗೃಹವನ್ನೂ ಕುರಿತದ್ದಾಗಿತ್ತು. ಇಂದು ಅದು ಅಂಗೈಯಲ್ಲಿರುವ ಮೊಬೈಲ್ ಫೋನಿಗೆ ಬಂದು ನೆಲಸಿದೆ. ತನ್ನ ಫೋನಿನೊಳಗೆ ಕಾಣದವನೊಬ್ಬನು ಹೊಕ್ಕಿರಬಹುದೇ ಎಂಬ ಶಂಕೆ ಅನೇಕ ಗೃಹಸ್ಥರ ನಿದ್ದೆಯನ್ನು ಕೆಡಿಸುತ್ತಿದೆ. ಈ ಶಂಕೆಗೆ ಧರ್ಮ ಕೊಡಬಹುದಾದ ಉತ್ತರವೇನು ಎಂಬುದು ವಿಚಾರಾರ್ಹ.

ಬಂಟ್ವಾಳ ತಾಲೂಕಿನ ಒಂದು ಬಸದಿಯ ಲೆಕ್ಕಪತ್ರ ನೋಡಿಕೊಳ್ಳುವ ಮೊಕ್ತೇಸರರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ದಾನಿಗಳ ಹೆಸರು, ದೂರವಾಣಿ ಸಂಖ್ಯೆ, ಬ್ಯಾಂಕಿನ ಸಂದೇಶ ಎಲ್ಲವೂ ಅವರ ಫೋನಿನಲ್ಲಿದೆ. ಒಂದು ದಿನ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಅಂದಿನಿಂದ ಅವರಿಗೆ ನೆಮ್ಮದಿಯಿಲ್ಲ. ಫೋನನ್ನು ಸಿದ್ಧಗೊಳಿಸಿಕೊಟ್ಟ ಸೋದರಳಿಯನ ಮೇಲೆ ಅನುಮಾನ ಹುಟ್ಟುತ್ತದೆ. ಸಾಮಾಯಿಕಕ್ಕೆ ಕುಳಿತರೂ ಮನಸ್ಸು ಅಲ್ಲಿಗೇ ಓಡುತ್ತದೆ. ಇಲ್ಲಿ ಹಣ ಇನ್ನೂ ಹೋಗಿಲ್ಲ. ಆದರೆ ಬಂಧುವಿನ ಮೇಲಿನ ವಿಶ್ವಾಸವೂ ಮನಃಶಾಂತಿಯೂ ಆಗಲೇ ಹೋಗಿವೆ.

ಈ ಅನುಮಾನಕ್ಕೆ ಆಧಾರವೆಷ್ಟು? ಫೋನು ಬಿಸಿಯಾಗುವುದಕ್ಕೆ ಹಳೆಯ ಬ್ಯಾಟರಿ, ದುರ್ಬಲ ಸಿಗ್ನಲ್, ಬೇಸಗೆಯ ಸೆಕೆ ಇವೂ ಕಾರಣಗಳು. ಅದೊಂದನ್ನೇ ಪುರಾವೆಯೆನ್ನಲಾಗದು. ಇನ್ನೊಂದೆಡೆ, ವಂಚನೆ ನಡೆದಾಗಲೆಲ್ಲ ಫೋನೇ ಕಾರಣವೆಂದೂ ಹೇಳಲಾಗದು. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ, ಅವರು ಯಾವ ಗುಪ್ತಸಂಖ್ಯೆಯನ್ನೂ ಯಾರಿಗೂ ಹೇಳದಿದ್ದರೂ ಹಣ ಮಾಯವಾಯಿತು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಹಾಗೂ ಬೆರಳಚ್ಚುಗಳನ್ನು ದುರುಪಯೋಗಪಡಿಸಿಕೊಂಡು ಈ ಕೃತ್ಯ ನಡೆದಿತ್ತೆಂದು ತಿಳಿಸಿದ ಪೊಲೀಸರು ಬಿಹಾರದಲ್ಲಿ ಮೂವರನ್ನು ಬಂಧಿಸಿದರು. ಅಂತಹ ಪ್ರಸಂಗದಲ್ಲಿ ಫೋನನ್ನೋ ಮನೆಯ ಹುಡುಗನನ್ನೋ ಶಂಕಿಸಿದ್ದರೆ ಅದು ನಿರಪರಾಧಿಯ ಮೇಲೆ ಹೊರಿಸಿದ ಮಿಥ್ಯಾರೋಪವಾಗುತ್ತಿತ್ತು.

ಇದರಿಂದ ಭಯವೆಲ್ಲ ನಿರಾಧಾರವೆಂದು ಅರ್ಥವಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಯನ್ನೇ ತ್ಯಜಿಸಿದ್ದನ್ನು ಕನ್ನಡ ನಾಡು ಕಂಡಿದೆ. 2021ರ ಜುಲೈಯಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ವಿಚಾರ ಹೊರಬಿದ್ದಾಗ, ಗುರಿಯಾಗಿದ್ದಿರಬಹುದಾದ ಸಂಖ್ಯೆಗಳ ಪಟ್ಟಿಯಲ್ಲಿ ಕರ್ನಾಟಕದ ರಾಜಕಾರಣಿಗಳಿಗೆ ಸಂಬಂಧಿಸಿದ ಸಂಖ್ಯೆಗಳೂ ಇದ್ದುವೆಂದು ವರದಿಯಾಯಿತು. ಅದೇ ವರ್ಷ ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲುಸ್ತುವಾರಿಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಪರೀಕ್ಷಿಸಲಾದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ದುಷ್ಟ ತಂತ್ರಾಂಶ ಕಂಡುಬಂದಿದ್ದರೂ ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಾಗದೆಂಬುದು 2022ರ ಆಗಸ್ಟ್ 25ರಂದು ತಿಳಿದುಬಂತು. ತಜ್ಞರಿಗೇ ನಿಶ್ಚಯವಾಗದ್ದು ಸಾಮಾನ್ಯ ಗೃಹಸ್ಥನಿಗೆ ರಾತ್ರಿಯೆಲ್ಲ ಚಿಂತಿಸಿದ ಮಾತ್ರಕ್ಕೆ ನಿಶ್ಚಯವಾಗಲಾರದು. ಪೂರ್ಣ ನಿಶ್ಚಯವಿಲ್ಲದೆಯೂ ಸರಿಯಾಗಿ ನಡೆಯುವುದು ಹೇಗೆಂಬುದೇ ನಿಜವಾದ ಪ್ರಶ್ನೆ.

‘ಬಚ್ಚಿಡಬೇಕಾದದ್ದು ಏನೂ ಇಲ್ಲದವನಿಗೆ ಭಯವೇಕೆ?’ ಎಂದು ಕೇಳುವವರಿದ್ದಾರೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿಗೆ ಬಾಗಿಲೂ ಇಲ್ಲ, ವಸ್ತ್ರವೂ ಇಲ್ಲ. ಕಾಪಾಡಿಕೊಳ್ಳಬೇಕಾದದ್ದನ್ನೆಲ್ಲ ತ್ಯಜಿಸಿದ ಆ ಸ್ಥಿತಿಗೆ ಈ ಮಾತು ಒಪ್ಪುತ್ತದೆ. ಗೃಹಸ್ಥನಿಗೆ ಒಪ್ಪುವುದಿಲ್ಲ. ಅವನ ಫೋನಿನಲ್ಲಿರುವುದು ಅವನದಷ್ಟೇ ಅಲ್ಲ. ಮಗಳ ವಿವಾಹದ ಮಾತುಕತೆ, ತಾಯಿಯ ವೈದ್ಯಕೀಯ ವರದಿ, ಹೆಸರು ಹೇಳಬಾರದೆಂದು ಕೇಳಿಕೊಂಡ ದಾನಿಯ ಪತ್ರ ಇವೆಲ್ಲ ಪರರು ನಂಬಿ ಇರಿಸಿದ ನ್ಯಾಸ, ಅರ್ಥಾತ್ ಇಡುಗಂಟು. ತನಗೆ ಭಯವಿಲ್ಲವೆಂದು ಪರರ ಇಡುಗಂಟನ್ನು ಬೀದಿಯಲ್ಲಿಡುವುದು ನಿರ್ಭಯತ್ವವಲ್ಲ, ಪ್ರಮಾದ.

2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಜಿನಬಿಂಬಗಳು ಕಳುವಾದಾಗ, ಬರಿದಾದ ಸ್ಥಾನವೇ ಕಳವನ್ನು ಹೇಳಿತು. ಫೋನಿನಿಂದ ಕದ್ದ ಮಾಹಿತಿಯಾದರೋ ಇದ್ದಲ್ಲಿಯೇ ಇರುತ್ತದೆ. ಅದರ ಪ್ರತಿ ಮಾತ್ರ ಹೊರಟುಹೋಗಿರುತ್ತದೆ. ಏನೂ ಕಡಮೆಯಾಗದ ಮೇಲೆ ಇದನ್ನು ಕಳವೆನ್ನಬಹುದೇ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕಳವನ್ನು ನಿರೂಪಿಸುವಾಗ ಕಳೆದುಕೊಂಡವನ ನಷ್ಟವನ್ನು ಅಳೆಯಲಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದನ್ನೇ ಕಳವೆಂದರು. ಕದ್ದು ತಂದುದನ್ನು ಸ್ವೀಕರಿಸುವುದೂ ಅಚೌರ್ಯ ವ್ರತದ ಅತಿಚಾರ. ಪರರ ರಹಸ್ಯವನ್ನು ಬಯಲುಗೊಳಿಸುವುದೂ ಇಡುಗಂಟನ್ನು ಅಪಹರಿಸುವುದೂ ಸತ್ಯ ವ್ರತದ ಅತಿಚಾರಗಳು. ಯಾರದೋ ಖಾಸಗಿ ಚಿತ್ರವನ್ನೋ ಸಂಭಾಷಣೆಯನ್ನೋ ವಾಟ್ಸಾಪಿನಲ್ಲಿ ಮುಂದಕ್ಕೆ ಕಳುಹಿಸುವವನು ತಾನು ಕದ್ದಿಲ್ಲವೆಂದು ಸಮಾಧಾನಪಡುವಂತಿಲ್ಲ.

ಈ ಅಳತೆಗೋಲನ್ನು ಮನೆಯೊಳಗೂ ಹಿಡಿದು ನೋಡಬೇಕು. ದೂರದ ವಂಚಕನಿಗೆ ಹೆದರುವ ಗೃಹಸ್ಥನೇ ಪತ್ನಿಯ ಫೋನನ್ನು ಅವಳಿಗೆ ತಿಳಿಯದಂತೆ ತೆರೆದು ಓದುವುದುಂಟು. ಕಾಲೇಜಿಗೆ ಹೋಗುವ ಮಗಳ ಫೋನಿನಲ್ಲಿ ಗುಟ್ಟಾಗಿ ಕಣ್ಗಾವಲಿನ ತಂತ್ರಾಂಶ ಹಾಕುವುದುಂಟು. ಎಳೆಯ ಮಕ್ಕಳನ್ನು ಅವರಿಗೆ ತಿಳಿಸಿ ಎಚ್ಚರದಿಂದ ಕಾಯುವುದು ಹಿರಿಯರ ಕರ್ತವ್ಯ. ಪ್ರಾಯಕ್ಕೆ ಬಂದವರ ಮೇಲೆ ಕದ್ದು ಕಣ್ಣಿಡುವುದು ವಾತ್ಸಲ್ಯದ ಹೆಸರಿನ ಅದತ್ತಾದಾನ. ತನಗಾದರೆ ಹ್ಯಾಕಿಂಗ್, ತಾನು ಮಾಡಿದರೆ ಕಾಳಜಿ ಎಂಬ ಎರಡು ತಕ್ಕಡಿ ಶ್ರಾವಕನಿಗೆ ಸಲ್ಲದು.

ಹಾಗಾದರೆ ಮೊಕ್ತೇಸರರು ಮಾಡಬೇಕಾದದ್ದೇನು? ಅಗುಪ್ತಿಯ ಭಯಕ್ಕೆ ಔಷಧ ಗುಪ್ತಿ ಮತ್ತು ಸಮಿತಿಗಳಲ್ಲಿಯೇ ಇದೆ. ವಸ್ತುವನ್ನು ನೋಡಿ ಎತ್ತಿಕೊಳ್ಳುವ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿ ಮುನಿಗಳ ಆಚಾರವಾದರೂ ಅದರ ತಿರುಳು ಗೃಹಸ್ಥನಿಗೂ ಬೇಕು. ಮದುವೆಯ ಕರೆಯೋಲೆ, ವಾಹನದ ದಂಡದ ರಶೀದಿ ಎಂಬ ವೇಷದಲ್ಲಿ ಬರುವ ಎಪಿಕೆ ಕಡತವನ್ನು ಒತ್ತದಿರುವುದು, ಒಟಿಪಿಯನ್ನು ಯಾರಿಗೂ ಹೇಳದಿರುವುದು, ಅಪರಿಚಿತರ ಮಾತಿಗೆ ಮರುಳಾಗಿ ಫೋನಿನ ಪರದೆಯನ್ನು ಹಂಚಿಕೊಳ್ಳದಿರುವುದು ಇವೇ ಇಂದಿನ ಯತ್ನಾಚಾರ. ಶಂಕೆ ಬಂದಾಗ ವಾಟ್ಸಾಪಿಗೆ ಜೋಡಿಸಿರುವ ಸಾಧನಗಳ ಪಟ್ಟಿಯನ್ನು ನೋಡಬಹುದು. ತಾನು ಹಾಕದ ಆ್ಯಪ್ ಇದ್ದರೆ ತೆಗೆಯಬಹುದು. ಫೋನಿನ ತಂತ್ರಾಂಶವನ್ನು ನವೀಕರಿಸಬಹುದು. ಮತ್ತೊಂದು ಸುರಕ್ಷಿತ ಸಾಧನದಿಂದ ಗುಪ್ತಪದಗಳನ್ನು ಬದಲಿಸಬಹುದು. ಹಣ ಹೋಗಿದ್ದರೆ ಒಡನೆಯೇ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು. ಇಷ್ಟು ಮಾಡಿದ ಮೇಲೂ ಮನಸ್ಸು ಅಲ್ಲಿಯೇ ಸುತ್ತುತ್ತಿದ್ದರೆ ಅದು ಎಚ್ಚರವಲ್ಲ, ಆರ್ತಧ್ಯಾನ.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕರ್ತವ್ಯ. ಫೋನಿಗೆ ಹಾನಿ ತಟ್ಟಿದ್ದು ನಿಜವೆಂದು ಕಂಡುಬಂದರೆ ಮೊಕ್ತೇಸರರು ಅದನ್ನು ಆಡಳಿತ ಮಂಡಳಿಗೂ ದಾನಿಗಳಿಗೂ ತಡಮಾಡದೆ ಹೇಳಬೇಕು. ಮಾನ ಕಷಾಯ ಇದಕ್ಕೆ ಅಡ್ಡಬರುತ್ತದೆ. ಬುದ್ಧಿವಂತರೆನಿಸಿಕೊಂಡವರು ಮೋಸಹೋದೆವೆಂದು ಹೇಳಲು ನಾಚುತ್ತಾರೆ. ಆದರೆ ಮುಚ್ಚಿಟ್ಟ ಒಂದೊಂದು ದಿನವೂ ವಂಚಕನಿಗೆ ಆ ಹೆಸರುಗಳನ್ನು ಬಳಸಿ ಇನ್ನೊಬ್ಬರನ್ನು ಮೋಸಗೊಳಿಸಲು ಕೊಟ್ಟ ಅವಕಾಶ. ಮೋಸಹೋದದ್ದು ದೋಷವಲ್ಲ, ಮುಚ್ಚಿಟ್ಟು ಪರರಿಗೆ ಹಾನಿಯಾಗಗೊಟ್ಟದ್ದು ದೋಷ. ಮೋಸಹೋದವರನ್ನು ಹಾಸ್ಯಮಾಡದೆ ಕೇಳಿಸಿಕೊಳ್ಳುವುದು ಮಂಡಳಿಯ ಧರ್ಮ. ಆಲೋಚನೆ, ಪ್ರತಿಕ್ರಮಣಗಳನ್ನು ನಿತ್ಯವಿಧಿಯಾಗಿ ಬಲ್ಲ ಸಮಾಜಕ್ಕೆ ಇದು ಹೊಸ ಪಾಠವಲ್ಲ.

ಅದಕ್ಕೂ ಮೊದಲು, ಪುರಾವೆಯಿಲ್ಲದೆ ಶಂಕಿಸಿದ್ದ ಆ ಸೋದರಳಿಯನನ್ನು ಕರೆದು ಕ್ಷಮೆ ಬೇಡುವುದು ಅವಶ್ಯ. ಯಂತ್ರದ ಬಾಗಿಲನ್ನು ಭದ್ರಪಡಿಸಲು ಹೋಗಿ ಮನೆಯವರ ನಡುವಣ ಬಾಗಿಲನ್ನು ಮುಚ್ಚಿಕೊಂಡರೆ, ಯಾವ ಕಳ್ಳನೂ ಬರದೆಯೇ ಮನೆ ಬರಿದಾಗುತ್ತದೆ.