ಸೋರುವ ದೋಣಿಯ ಸಾಹುಕಾರ

ಮರದ ದೋಣಿಗೆ ಕಡಲಿನ ಭಯಕ್ಕಿಂತ ಮಳೆಯ ಭಯ ಹೆಚ್ಚು. ಉಪ್ಪುನೀರಿನಲ್ಲಿ ಮರ ಉಪ್ಪಿನಕಾಯಿಯ ಹೋಳಿನ ಹಾಗೆ ಕೆಡದೆ ಉಳಿದೀತು. ಅದನ್ನು ಕೊಳೆಸುವ ಬೂಷ್ಟಿಗೆ ಬೇಕಾದದ್ದು ಸಿಹಿನೀರು. ಡೆಕ್ಕಿನ ಮೇಲೆ ಬಿದ್ದ ಮಳೆ ಸಣ್ಣದೊಂದು ಬಿರುಕಿನಲ್ಲಿ ಒಳಗಿಳಿದು ಗಾಳಿಯಾಡದ ಮೂಲೆಯಲ್ಲಿ ಠಿಕಾಣಿ ಹೂಡಿತೆಂದರೆ ಮುಗಿಯಿತು, ಕೆಲವೇ ವರ್ಷಗಳಲ್ಲಿ ಮರ ಕುಂಬು. ಹಾಗಾಗಿ ಅಲೆಗಳಿಗೆ ಎದೆಯೊಡ್ಡುತ್ತೇನೆಂದು ಹಾಯಿದೋಣಿ ಕೊಂಡ ವೀರ, ಆಕಾಶದಲ್ಲಿ ಮೋಡ ಕಂಡ ಕೂಡಲೇ ಟಾರ್ಪಾಲು ಹೊತ್ತು ಓಡುತ್ತಾನೆ. ದೋಣಿ ನೆನೆದುಬಿಟ್ಟರೆ ಎಂಬ ಆತಂಕ! ಹಿಂದಿನ ಕಾಲದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಒಳಗಿಳಿದ ಮಳೆನೀರೂ ಉಪ್ಪಾಗಲಿ ಎಂದು ದೋಣಿಯ ಸಂದುಗೊಂದುಗಳಲ್ಲಿ ಕಲ್ಲುಪ್ಪು ಸುರಿದಿಡುತ್ತಿದ್ದರು.

ಇದಕ್ಕಿಂತ ಸೋಜಿಗ ಬೇಕಿದ್ದರೆ ಹಳೆಯ ದೋಣಿಯೊಂದನ್ನು ವರ್ಷದಲ್ಲಿ ಮೊದಲ ಸಲ ನೀರಿಗಿಳಿಸುವುದನ್ನು ನೋಡಬೇಕು. ಚಳಿಯ ದೇಶಗಳಲ್ಲಿ ಸಣ್ಣ ದೋಣಿಗಳು ಅರ್ಧ ವರ್ಷ ದಡದ ಮೇಲೇ ಇರುತ್ತವೆ. ಅಷ್ಟರಲ್ಲಿ ಹಲಗೆಗಳು ಒಣಗಿ ಕುಗ್ಗಿ, ಒಳಗೆ ಕೂತವನಿಗೆ ಸಂದಿನಲ್ಲಿ ಹೊರಗಿನ ಬೆಳಕು ಕಾಣಿಸತೊಡಗುತ್ತದೆ. ಮದ್ದು? ನೀರು. ದೋಣಿಯನ್ನು ಇಳಿಸುವುದು, ಅದು ತುಂಬಿಕೊಳ್ಳಲು ಬಿಡುವುದು, ಹಲಗೆಗಳು ನೀರು ಕುಡಿದು ಉಬ್ಬಿ ತಮ್ಮ ಸಂದನ್ನು ತಾವೇ ಮುಚ್ಚಿಕೊಳ್ಳುವ ತನಕ ಕಾಯುವುದು. ಒಂದು ದಿನಕ್ಕೆ ಆದರೂ ಆಯಿತು, ನಾಲ್ಕು ದಿನ ಹಿಡಿದರೂ ಹಿಡಿಯಿತು. ಅಲ್ಲಿಯವರೆಗೆ ಯಜಮಾನ ದಡದಲ್ಲಿ ನಿಂತು, ಕನಿಕರದಿಂದ ನೋಡುವ ದಾರಿಹೋಕರಿಗೆಲ್ಲ ‘ಮುಳುಗುತ್ತಿಲ್ಲ ಸ್ವಾಮಿ, ಉಬ್ಬುತ್ತಿದೆ’ ಎಂದು ಸಮಜಾಯಿಷಿ ಕೊಡುತ್ತಿರಬೇಕು. ಇಷ್ಟು ತಾಳ್ಮೆ ಇಲ್ಲದ ಜಾಣರು ಸಂದಿಗೆಲ್ಲ ಗಟ್ಟಿಯಾಗುವ ಅಂಟು ಮೆತ್ತಿ ಬೀಗುತ್ತಾರೆ. ನೀರಿಗಿಳಿದ ಮೇಲೆ ಹಲಗೆ ಉಬ್ಬಲೇಬೇಕಲ್ಲ. ಉಬ್ಬಲು ಜಾಗ ಸಿಗದೆ ಅದು ಒಳಗಿನ ಪಕ್ಕೆಲುಬುಗಳನ್ನೇ ಮುರಿದು ಸೇಡು ತೀರಿಸಿಕೊಳ್ಳುತ್ತದೆ.

ಮಲ್ಪೆ, ಗಂಗೊಳ್ಳಿಗಳಲ್ಲಿ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಹೊತ್ತಿಗೆ ಬೋಟು ಮೇಲೆಳೆದು ರಿಪೇರಿಗೆ ಕೂರುವವರಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಿಕ್ಕಿಲ್ಲ. ಅದು ಹೊಟ್ಟೆಪಾಡು. ನಗು ಇರುವುದು ದೋಣಿಯಿಂದ ಒಂದು ಬುಟ್ಟಿ ಬೂತಾಯಿಯನ್ನೂ ಮನೆಗೆ ತಾರದ, ತಂದರೆ ಬಿಲ್ಲು ಮಾತ್ರ ತರುವ ಶೋಕಿಯವನ ಬಳಿ.

ಅವನ ಭಾನುವಾರವೊಂದನ್ನು ನೋಡಿ. ಸಡಿಲವಾದ ಒಂದು ಸ್ಕ್ರೂ ಬಿಗಿ ಮಾಡಿ ಹತ್ತು ಗಂಟೆಗೆ ಹಾಯಿ ಏರಿಸುವುದು ಎಂದು ಲೆಕ್ಕ. ಸ್ಕ್ರೂ ಹಿತ್ತಾಳೆಯದು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪುನೀರು ವರ್ಷಗಟ್ಟಲೆ ಕೂತು ಸತುವನ್ನು ಮಾತ್ರ ಹೆಕ್ಕಿ ತಿಂದುಬಿಟ್ಟಿರುತ್ತದೆ. ಉಳಿದದ್ದು ನಸುಗೆಂಪಾದ, ಪೊಳ್ಳು ತಾಮ್ರ. ನೋಡಲು ಸ್ಕ್ರೂವೇ, ತಿರುಗಿಸಿದರೆ ತಲೆ ಟಪ್ಪೆಂದು ಕೈಗೆ ಬರುತ್ತದೆ. ಬುಡವನ್ನು ಕೊರೆದು ತೆಗೆಯಲು ಹೋದರೆ ಸುತ್ತಲಿನ ಮರ ಮೆತ್ತಗಿದೆ. ಹಲಗೆ ಬಿಚ್ಚಿದರೆ ಹಿಂದಿನ ಪಕ್ಕೆಲುಬು ಬಿರುಕು ಬಿಟ್ಟಿದೆ. ಆ ಬಿರುಕಿಗೆ ಯಾರೋ ತಗಡು ಬಡಿದು, ಮೇಲೆ ಟಾರು ಬಳಿದು, ಚೆಂದದ ಬಿಳಿ ಬಣ್ಣ ಹೊಡೆದಿದ್ದಾರೆ. ಈ ‘ಯಾರೋ’ ಎಂಬಾತ ಹಳೆಯ ದೋಣಿಗಳ ಪುರಾಣದ ಖಾಯಂ ಖಳನಾಯಕ: ಹಿಂದಿನ ಯಜಮಾನ. ಅವನನ್ನು ಬಯ್ಯದ ದೋಣಿಗಾರನಿಲ್ಲ. ಬಯ್ದು ಮುಗಿಸಿ, ಸಂಜೆ ಬೆಳಕು ಹೋಗುವ ಮುಂಚೆ ಇವನೂ ಒಂದು ತಗಡು ಹುಡುಕಿಕೊಂಡು ಹೊರಡುತ್ತಾನೆ.

ಖರ್ಚಿನ ಮಾತು ಬೇಡ. ಹಾರ್ಡ್‌ವೇರ್ ಅಂಗಡಿಯ ಮಾಲೇ ‘ಮೆರೈನ್’ ಎಂಬ ಚೀಟಿ ಅಂಟಿಸಿಕೊಂಡು ದೋಣಿಯ ಅಂಗಡಿಗೆ ಬಂದರೆ ಅದರ ದರ ಕೇಳುವ ಹಾಗಿರುವುದಿಲ್ಲ. ದೋಣಿ ಕೊಂಡವನಿಗೆ ಸುಖದ ದಿನಗಳು ಎರಡೇ, ಕೊಂಡ ದಿನ ಮತ್ತು ಮಾರಿದ ದಿನ ಎಂಬ ಮಾತು ಆ ಲೋಕದಲ್ಲಿ ಪ್ರಚಲಿತ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಮಾರಿದ ಮರುವಾರವೇ ಜಾಹೀರಾತು ಪುಟ ತೆರೆದು ಇನ್ನೊಂದು ಹಳೆಯ ದೋಣಿಗೆ ಕಣ್ಣು ಹಾಕುವವರನ್ನು ಏನೆನ್ನುವುದು?

ಈ ಹುಚ್ಚಿಗೆ ಪತ್ರಿಕೆಗಳ ಕುಮ್ಮಕ್ಕೂ ಉಂಟು. ಲಂಡನ್ನಿನ ಡೈಲಿ ಮಿರರ್ ಪತ್ರಿಕೆ 1960ರ ದಶಕದ ಆರಂಭದಲ್ಲಿ ಜನಸಾಮಾನ್ಯರ ದೋಣಿಯೊಂದನ್ನು ಮಾಡಿಸಿತು. ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಮತ್ತು ಮನೆಗೆಲಸವನ್ನು ಟಿವಿಯಲ್ಲಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ ರೂಪಿಸಿದ ಅದು ಹನ್ನೊಂದಡಿಗೂ ತುಸು ಕಡಿಮೆ. ಪ್ಲೈವುಡ್ ತುಂಡುಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದರೆ ದೋಣಿ ತಯಾರು. ಹಾಯಿ ಕೆಂಪು; ಪತ್ರಿಕೆಯ ಬಣ್ಣವೂ ಅದೇ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿರರ್ ದೋಣಿಗಳು ಹೀಗೆ ಹುಟ್ಟಿದವು. ಹೊಲಿದು ದೋಣಿ ಮಾಡುವುದು ನಮ್ಮ ಪಡುವಣ ಕರಾವಳಿಗೆ ಹೊಸದೇನಲ್ಲ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ ಹಡಗೂ ತೆಂಗಿನ ನಾರಿನ ಹುರಿಯಲ್ಲಿ ಹೊಲಿದದ್ದೇ. ಆದರೆ ಮನೆಯ ಗ್ಯಾರೇಜಿನಲ್ಲಿ ಕಾರನ್ನು ಹೊರಹಾಕಿ ದೋಣಿ ಹೊಲಿಯುವುದಕ್ಕೆ ದಿನಪತ್ರಿಕೆಯೇ ಪ್ರೇರಣೆ ಕೊಟ್ಟದ್ದು ಹೊಸತು.

ಪತ್ರಿಕೆಯವನೇ ದೋಣಿಯ ಬಲೆಗೆ ಬಿದ್ದ ಕತೆ ಇನ್ನೂ ರುಚಿ. ರಾಬರ್ಟ್ ಮ್ಯಾನ್ರಿ ಎಂಬಾತ ಅಮೆರಿಕದ ಕ್ಲೀವ್‌ಲ್ಯಾಂಡಿನ ಪ್ಲೇನ್ ಡೀಲರ್ ಪತ್ರಿಕೆಯಲ್ಲಿ ಉಪಸಂಪಾದಕ. ಊರವರ ವರದಿಗಳ ಕಾಗುಣಿತ ತಿದ್ದಿ, ತಲೆಬರಹ ಕೊಟ್ಟು ಮನೆಗೆ ಹೋಗುವ ಮನುಷ್ಯ. ಹುಟ್ಟಿದ್ದು ಸಮುದ್ರ ಕಾಣದ ಎತ್ತರದಲ್ಲಿ, ನಮ್ಮ ಮಸ್ಸೂರಿಯ ಮಗ್ಗುಲಿನ ಲಾಂಡೌರ್‌ನಲ್ಲಿ, 1918ರಲ್ಲಿ. 1958ರಲ್ಲಿ ಜಾಹೀರಾತು ನೋಡಿ 160 ಡಾಲರಿಗೆ ಹದಿಮೂರೂವರೆ ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡ. ‘ಸ್ವಲ್ಪ ರಿಪೇರಿ ಇದೆ’ ಎಂಬ ಮಾತಿನ ಅರ್ಥವೇನೆಂದು ಅವನಿಗೆ ಆಮೇಲೆ ತಿಳಿಯುತ್ತ ಹೋಯಿತು. ಕುಂಬು ಹಿಡಿದದ್ದನ್ನು ಕಿತ್ತ, ಹೊಸದು ಕೂರಿಸಿದ. ಸುಮ್ಮನಿರಲಾರದೆ ಮೇಲೊಂದು ಪುಟ್ಟ ಕ್ಯಾಬಿನ್ ಕಟ್ಟಿದ, ಬುಡಮೇಲಾದರೂ ತಾನೇ ನೆಟ್ಟಗಾಗಲೆಂದು ಅಡಿಗೆ ಭಾರದ ಹಲಗೆ ಇಳಿಬಿಟ್ಟ. ಟಿಂಕರ್‌ಬೆಲ್ ಎಂದು ಹೆಸರಿಟ್ಟ. ದೋಣಿಯನ್ನು ಇಷ್ಟು ರಿಪೇರಿ ಮಾಡಿದವನಿಗೆ ಒಂದು ಗಂಡಾಂತರ ಕಾದಿರುತ್ತದೆ: ಇನ್ನು ಎಲ್ಲಿಗಾದರೂ ಹೋಗಲೇಬೇಕು.

ಅಟ್ಲಾಂಟಿಕ್ ದಾಟುವ ಯೋಜನೆ ಮೊದಲು ಗೆಳೆಯನೊಬ್ಬನ ಇಪ್ಪತ್ತೈದು ಅಡಿಯ ದೋಣಿಯದು. ಗೆಳೆಯ ಹಿಂದೆ ಸರಿದ. ಕಚೇರಿಯಲ್ಲಿ ರಜೆ ಮಂಜೂರಾಗಿತ್ತು. ರಜೆ ಸಿಕ್ಕಿದ್ದನ್ನು ಬಿಟ್ಟುಕೊಡುವುದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದ ಯಾರಿಂದಲೂ ಆಗದ ಮಾತು. ಟಿಂಕರ್‌ಬೆಲ್‌ನಲ್ಲಿ ಒಬ್ಬನೇ ಹೊರಡುವುದೆಂದು ನಿಶ್ಚಯಿಸಿದ ಮ್ಯಾನ್ರಿ ಸಹೋದ್ಯೋಗಿಗಳ ಬಳಿ ತುಟಿಪಿಟಕ್ಕೆನ್ನಲಿಲ್ಲ. ಅವರು ದೊಡ್ಡ ದೋಣಿ, ಇಬ್ಬರು ನಾವಿಕರು ಎಂದೇ ತಿಳಿದಿದ್ದರು. ಗುಟ್ಟು ಗೊತ್ತಿದ್ದದ್ದು ಹೆಂಡತಿ ವರ್ಜೀನಿಯಾಗೆ. ಆಕೆ ಬೇಡವೆನ್ನಲಿಲ್ಲ. ವರ್ಷಗಟ್ಟಲೆ ಗಂಡನ ದೋಣಿ ರಿಪೇರಿ ನೋಡಿದವಳಿಗೆ ಅವನೂ ದೋಣಿಯೂ ಒಟ್ಟಿಗೇ ಕೆಲವು ತಿಂಗಳು ಮನೆಯಿಂದಾಚೆ ಇರುವುದು ಅಷ್ಟು ದೊಡ್ಡ ವಿಪತ್ತಾಗಿ ಕಂಡಿರಲಿಕ್ಕಿಲ್ಲ ಎಂದು ನನ್ನ ತುಂಟ ಊಹೆ.

1965ರ ಜೂನ್ 1ರಂದು ಮಸಾಚುಸೆಟ್ಸ್‌ನ ಫಾಲ್ಮತ್‌ನಿಂದ ಹೊರಟ. ಮರುದಿನ ಅವನಿಗೆ 47 ತುಂಬಿತು. ದಾರಿಯಲ್ಲಿ ಚುಕ್ಕಾಣಿ ಮುರಿಯಿತು, ಕಟ್ಟಿದ. ಮತ್ತೆ ಕೈಕೊಟ್ಟಿತು, ಮತ್ತೆ ಕಟ್ಟಿದ. ಅಲೆ ಅವನನ್ನು ಹಲವು ಸಲ ಎತ್ತಿ ನೀರಿಗೆಸೆಯಿತು. ಸೊಂಟಕ್ಕೆ ಬಿಗಿದ ಹಗ್ಗ ಹಿಡಿದು ಪ್ರತಿ ಸಲವೂ ಹತ್ತಿ ಬಂದ. ನಿದ್ದೆಗೆಟ್ಟು, ಎಚ್ಚರದ ಮಾತ್ರೆ ನುಂಗಿ, ಇಲ್ಲದ ಜನರನ್ನೆಲ್ಲ ದೋಣಿಯಲ್ಲಿ ಕಂಡ. ಹದಿಮೂರೂವರೆ ಅಡಿಯಲ್ಲಿ ಅವರಿಗೂ ಹೇಗೋ ಜಾಗವಾಯಿತು! 78 ದಿನ, ಸುಮಾರು 3200 ಮೈಲು ಕಳೆದು ಆಗಸ್ಟ್ 17ರಂದು ತಲುಪಿದ ಊರೂ ಫಾಲ್ಮತ್ತೇ, ಇಂಗ್ಲೆಂಡಿನದು. ನೂರಾರು ದೋಣಿಗಳು ಎದುರುಗೊಂಡವು, ಸಾವಿರಾರು ಜನ ದಡದಲ್ಲಿ ನೆರೆದಿದ್ದರು. ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿದ ಅಂದಿನ ಅತಿ ಚಿಕ್ಕ ದೋಣಿ ಎಂಬ ಕೀರ್ತಿ 160 ಡಾಲರಿನ ಆ ಸಾಮಾನಿಗೆ ಸಂದಿತು.

ಪ್ಲೇನ್ ಡೀಲರ್‌ನ ಸುದ್ದಿಮನೆಗೆ ಮಾತ್ರ ಆ ಖುಷಿಯಲ್ಲೊಂದು ಕಲ್ಲು ಸಿಕ್ಕಿತ್ತು. ಮ್ಯಾನ್ರಿ ಇನ್ನೂ ನಡುಗಡಲಲ್ಲಿರುವಾಗಲೇ ಕ್ಲೀವ್‌ಲ್ಯಾಂಡಿನ ಟಿವಿ ವಾಹಿನಿಯೊಂದರ ವರದಿಗಾರ ಇಂಗ್ಲೆಂಡಿಗೆ ಹಾರಿ, ಮೀನು ಹಿಡಿಯುವ ಹಡಗು ಬಾಡಿಗೆ ಹಿಡಿದು, ಟಿಂಕರ್‌ಬೆಲ್ಲನ್ನು ಹುಡುಕಿ, ಅಲೆಗಳ ನಡುವೆಯೇ ಕ್ಯಾಮೆರಾ ಇಟ್ಟು ಸಂದರ್ಶನ ಮುಗಿಸಿದ್ದ. ಪತ್ರಿಕೆಯ ಸ್ವಂತ ಉಪಸಂಪಾದಕ, ಪತ್ರಿಕೆ ಕೊಟ್ಟ ರಜೆಯಲ್ಲಿ ಮಾಡಿದ ಯಾನದ ಕತೆ ಊರಿನ ಜನಕ್ಕೆ ಮೊದಲು ಸಿಕ್ಕಿದ್ದು ಎದುರಾಳಿಯ ಪರದೆಯ ಮೇಲೆ.