ವಾರ್ಧಕ್ಯವೂ ಸ್ಪರ್ಧೆಯೂ

ಮುಪ್ಪಿಗೆ ಹಿರಿಯರು ವಿಧಿಸಿದ ಧರ್ಮವು ನಿವೃತ್ತಿ. ಗೆಲ್ಲಬೇಕು, ಮೀರಬೇಕು ಎಂಬ ಹಂಬಲವನ್ನು ಯೌವನದೊಡನೆ ಕಳೆದುಕೊಳ್ಳುವುದೇ ವಿವೇಕವೆಂದು ಲೋಕವೂ ಒಪ್ಪಿದೆ. ಹೀಗಿರಲು, ತಲೆ ನರೆತವರನ್ನು ಪುನಃ ಪಂದ್ಯದ ಕಣಕ್ಕೆ ಕರೆಯುವುದು ಉಚಿತವೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಹಾಗೆ ಕರೆದವರಲ್ಲಿ ಅಗ್ರಗಣ್ಯರೊಬ್ಬರು ಅಮೆರಿಕದ ನೌಕಾಪಡೆಯ ವೈದ್ಯರಾಗಿದ್ದ ಕ್ಯಾಪ್ಟನ್ ರ‍್ಯಾನ್ಸಮ್ ಆರ್ಥರ್. ವ್ಯಾಯಾಮವು ಹಿತವೆಂಬುದನ್ನು ವಯಸ್ಸಾದವರು ಬಲ್ಲರು, ಬಲ್ಲರಾದರೂ ಮಾಡರು. ಪಂದ್ಯದ ದಿನವೊಂದು ಮುಂದೆ ಗೊತ್ತಾಗಿದ್ದರೆ, ಅದರ ನೆಪದಿಂದಲಾದರೂ ನಿತ್ಯವೂ ಕೊಳಕ್ಕಿಳಿದಾರೆಂಬುದು ಅವರ ಎಣಿಕೆ. ಈಜು ತರಬೇತುದಾರರ ಸಂಘದ ಅಧ್ಯಕ್ಷರಾಗಿದ್ದ ಜಾನ್ ಸ್ಪಾನತ್ ಅವರ ನೆರವು ದೊರೆತು, 1970ರ ಮೇ ತಿಂಗಳಲ್ಲಿ ಟೆಕ್ಸಾಸ್ ಪ್ರಾಂತದ ಅಮರಿಲೋ ನಗರದಲ್ಲಿ ಆ ದೇಶದ ಪ್ರಥಮ ರಾಷ್ಟ್ರೀಯ ‘ಮಾಸ್ಟರ್ಸ್’ ಈಜುಪಂದ್ಯಗಳು ಜರುಗಿದವು. 1986ರಲ್ಲಿ ಟೋಕಿಯೋ ನಗರವು ಇಂಥವರ ವಿಶ್ವಪಂದ್ಯಗಳನ್ನೇ ಕಂಡಿತು.

ಫಲಾಪೇಕ್ಷೆಯನ್ನು ತೊರೆದು ಕರ್ಮವನ್ನಾಚರಿಸಬೇಕೆಂದು ಗೀತೆಯು ಬೋಧಿಸುತ್ತಿರಲು, ಫಲದ ಆಸೆಯನ್ನೇ ತೋರಿ ವೃದ್ಧರನ್ನು ಕರ್ಮಕ್ಕೆ ಹಚ್ಚುವುದು ಸರಿಯೇ ಎಂದು ಆಕ್ಷೇಪಿಸಬಹುದು. ಆದರೆ ವೈದ್ಯನು ಔಷಧದೊಡನೆ ಜೇನನ್ನು ಅನುಪಾನವಾಗಿ ಕೊಡುವುದುಂಟಷ್ಟೆ. ಪದಕವು ಅಂಥ ಅನುಪಾನ. ಔಷಧವೆಂದರೆ ನಿತ್ಯದ ಅಭ್ಯಾಸ. ಜೇನನ್ನೇ ಬಯಸಿ ಔಷಧವನ್ನು ಮರೆತವನ ದೋಷವು ವೈದ್ಯನಿಗೆ ತಟ್ಟದು.

ಈ ಪಂದ್ಯಗಳ ನಿಯಮಗಳಲ್ಲಿಯೂ ಒಂದು ನೀತಿಯಡಗಿದೆ. ಸ್ಪರ್ಧಿಗಳನ್ನು ಐದೈದು ವರ್ಷಗಳ ವರ್ಗಗಳಾಗಿ ವಿಂಗಡಿಸುತ್ತಾರೆ. 69ರಲ್ಲಿ ತನ್ನ ವರ್ಗಕ್ಕೆಲ್ಲ ಹಿರಿಯನಾಗಿದ್ದವನು 70 ತುಂಬಲು ಮುಂದಿನ ವರ್ಗದ ಕಿರಿಯನಾಗುತ್ತಾನೆ. ಅಂಜಿಕೆ ತರುತ್ತಿದ್ದ ಹುಟ್ಟುಹಬ್ಬವು ಆಗ ಸ್ವಾಗತಾರ್ಹವಾಗುತ್ತದೆ. ಅಂತರರಾಷ್ಟ್ರೀಯ ರಿಲೇ ಪಂದ್ಯಗಳಲ್ಲಿ ನಾಲ್ವರ ವಯಸ್ಸನ್ನೂ ಕೂಡಿಸಿ ತಂಡದ ವರ್ಗವನ್ನು ಗೊತ್ತುಮಾಡುವರು. ಮನೆಯಲ್ಲಿ ಹೊರೆಯೆಂದು ಎಣಿಸಲ್ಪಡುವ ವರ್ಷಗಳು ಅಲ್ಲಿ ಒಡನಾಡಿಗಳಿಗೆ ಉಪಕಾರಕವಾಗಬಲ್ಲವು.

ಆದರೂ ಒಂದು ಎಚ್ಚರವು ಅವಶ್ಯ. ಎಂಬತ್ತರಲ್ಲಿ ಈಜುವವನನ್ನು ಕೊಂಡಾಡುವ ಭರದಲ್ಲಿ, ಅರುವತ್ತರಲ್ಲೇ ಹಾಸಿಗೆ ಹಿಡಿದವನನ್ನು ಆಲಸಿಯೆಂದು ನಿಂದಿಸುವುದು ಕ್ರೌರ್ಯ. ಆರೋಗ್ಯದಲ್ಲಿ ಪ್ರಯತ್ನಕ್ಕೆ ಪಾಲುಂಟು, ದೈವಕ್ಕೂ ಪಾಲುಂಟು. ಗೆದ್ದ ವೃದ್ಧನು ಇದನ್ನು ಮರೆತರೆ ಅವನ ದೇಹವು ಗಟ್ಟಿಯಾದರೂ ಮನಸ್ಸು ಮಾಗಿಲ್ಲವೆಂದೇ ಹೇಳಬೇಕು.

ಗೆಲುವಿನ ಹಸಿವನ್ನು ಬಿಡುವುದು ಬೇರೆ, ಪ್ರಯತ್ನವನ್ನೇ ಬಿಡುವುದು ಬೇರೆ. ಎರಡನ್ನೂ ನಿವೃತ್ತಿಯೆಂಬ ಒಂದೇ ಹೆಸರಿನಿಂದ ಕರೆದುದರಿಂದ ಎಷ್ಟೋ ಮಂದಿ ಹಿರಿಯರು ಅಕಾಲದಲ್ಲಿ ಜಗಲಿಯ ಮೂಲೆಯನ್ನು ಸೇರಿದರು. ಪಂದ್ಯದ ಮರುದಿನವೂ, ಪದಕ ಬಂದರೂ ಬಾರದಿದ್ದರೂ, ಎಂದಿನಂತೆ ಕೊಳಕ್ಕಿಳಿಯುವ ಮುದುಕನು ನಿಜವಾದ ನಿವೃತ್ತಿಯ ಅರ್ಥವನ್ನು ಅರಿತವನು.