ಕೊಡಲು ಹೊರಟವನ ಕೊನೆಯ ಪಾಠ

ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮಕ್ಕೆ ಹೋಗುವವರಲ್ಲಿ ಹೆಚ್ಚಿನವರು ಸಂಜೆಯ ಆರತಿಗೋ ಒಂದಿಷ್ಟು ಮೌನಕ್ಕೋ ಹೋಗುತ್ತಾರೆ. ಆ ಆಶ್ರಮಕ್ಕೆ ಸಮುದ್ರದಾಚೆಯ ನಂಟು ಮೊದಲಿನಿಂದಲೂ ಇದೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. 1906ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ ಸ್ವಾಮಿ ಅಭೇದಾನಂದರು ನ್ಯೂಯಾರ್ಕಿನಲ್ಲಿ ವೇದಾಂತ ಬೋಧಿಸುತ್ತಿದ್ದವರು. 1951ರಿಂದ 1966ರವರೆಗೆ ಅದರ ಅಧ್ಯಕ್ಷರಾಗಿದ್ದ ಸ್ವಾಮಿ ಯತೀಶ್ವರಾನಂದರು ಅದಕ್ಕೂ ಮೊದಲು ಯುರೋಪು, ಅಮೆರಿಕಗಳಲ್ಲಿ ವರ್ಷಗಟ್ಟಲೆ ಕಳೆದು ಬಂದವರು. ಇಲ್ಲಿ ಮೂರು ವರ್ಷ ದುಡಿದ ಸ್ವಾಮಿ ರಂಗನಾಥಾನಂದರು 1939ರಲ್ಲಿ ರಂಗೂನಿಗೆ ಹೊರಟರು. ‘ಮಿಷನರಿ’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಡಗಿನಿಂದ ಇಳಿಯುವ ಬಿಳಿಯ ಪಾದ್ರಿಯ ಚಿತ್ರ. ಹಡಗು ಹತ್ತಿದವರೂ ನಮ್ಮಲ್ಲಿದ್ದರು.

ಹೀಗೆ ಹೊರಡುವ ಒಬ್ಬ ತರುಣನನ್ನು, ಅವನು ಯಾವ ಧರ್ಮದವನಾದರೂ ಸರಿ, ತರಬೇತಿಯ ಕೊನೆಯ ದಿನಗಳಲ್ಲಿ ನೆನೆದುಕೊಳ್ಳಿ. ಓದಬೇಕಾದ ಗ್ರಂಥಗಳನ್ನು ಓದಿದ್ದಾನೆ. ಯಾರು ಏನು ಕೇಳಬಹುದು, ಅದಕ್ಕೆ ಏನು ಹೇಳಬೇಕು ಎಂದು ಅಭ್ಯಾಸ ಮಾಡಿಕೊಂಡಿದ್ದಾನೆ. ಇನ್ನು ಕೆಲವೇ ದಿನಗಳಲ್ಲಿ ತನಗೆ ಗೊತ್ತಿಲ್ಲದ ಊರಿನಲ್ಲಿ, ಹೆಸರೂ ಗೊತ್ತಿಲ್ಲದ ಜನರಿಗೆ, ಬದುಕುವುದು ಹೇಗೆಂದು ಹೇಳಬೇಕು. ಅವನಿಗೆ ತನ್ನ ಸತ್ಯದ ಬಗ್ಗೆ ಸಂಶಯವಿದ್ದರೆ ಅಷ್ಟು ದೂರ ಹೋಗುವುದೇಕೆ? ಎಳ್ಳಷ್ಟೂ ಸಂಶಯವಿಲ್ಲದಿದ್ದರೆ ಅಲ್ಲಿನವರ ಮಾತು ಅವನ ಕಿವಿಗೆ ಬೀಳುವುದು ಹೇಗೆ? ಉಳಿದ ಆ ಕೆಲವು ದಿನಗಳಲ್ಲಿ ಅವನಿಗೆ ಕಲಿಸಬೇಕಾದದ್ದು ಏನಾದರೂ ಇದೆಯೇ?

ನಮ್ಮ ಕಾಲದವರು ಥಟ್ಟನೆ ಕೊಡುವ ಉತ್ತರ ಒಂದಿದೆ: “ಎಲ್ಲ ದಾರಿಗಳೂ ಒಂದೇ ಕಡೆಗೆ ಹೋಗುತ್ತವೆ ಎಂದು ತಿಳಿದು ಹೊರಡಲಿ, ಜಗಳವೇ ಇರುವುದಿಲ್ಲ.” ಮಾತು ಸೊಗಸಾಗಿದೆ. ಆದರೆ ಹೊರಡುವ ಮೊದಲೇ ಇದನ್ನು ಕಂಠಪಾಠ ಮಾಡಿಕೊಂಡವನು ನಿಮ್ಮ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿಮ್ಮನ್ನು ಕೇಳುವ ಮೊದಲೇ ತೀರ್ಮಾನಿಸಿದ್ದಾನೆ. “ನಿಮ್ಮದು ತಪ್ಪು” ಎನ್ನುವವನು ಕೊನೆಯ ಪಕ್ಷ ನೀವು ಬೇರೆ ಏನನ್ನೋ ಹೇಳುತ್ತಿದ್ದೀರಿ ಎಂದು ಒಪ್ಪಿರುತ್ತಾನೆ. “ನೀವು ಹೇಳುವುದೂ ನಮ್ಮದೇ” ಎನ್ನುವವನು ಅಷ್ಟನ್ನೂ ಒಪ್ಪದಿರಬಹುದು. ರಾಮಕೃಷ್ಣ ಪರಮಹಂಸರು ಆ ಮಾತಿಗೆ ಬಂದದ್ದು ಬೇರೆ ಬೇರೆ ಮತಗಳ ಸಾಧನೆಯನ್ನು ಒಂದೊಂದಾಗಿ ಮಾಡಿ ನೋಡಿದ ಮೇಲೆ. ಮಾಡದೆ ಹೇಳುವವನ ಬಾಯಲ್ಲಿ ಅದು ಬೇರೆಯದೇ ಮಾತಾಗುತ್ತದೆ.

ಹಾಗಾದರೆ ತೊಂದರೆ ಎಲ್ಲಿದೆ? ನನಗೆ ಕಾಣುವಂತೆ ತೊಂದರೆ ನಂಬಿಕೆಯ ಗಟ್ಟಿತನದಲ್ಲಿಲ್ಲ. ತನಗೆ ಯಾರಿಂದಲೂ ಏನೂ ಬೇಕಾಗಿಲ್ಲ ಎಂದುಕೊಂಡು ಹೋಗುವುದರಲ್ಲಿದೆ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎನ್ನುತ್ತೇವಲ್ಲ, ಕೈ ಸದಾ ಮೇಲೆಯೇ ಇದ್ದವನಿಗೆ ಎದುರಿನವನ ಕೈಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ.

ವಿವೇಕಾನಂದರ ವಿಷಯವನ್ನೇ ನೋಡಿ. 1892ರಲ್ಲಿ ಅವರು ಬೆಂಗಳೂರಿಗೆ ಬಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದರು. ಮೈಸೂರಿನಲ್ಲಿ ಅವರನ್ನು ಬರಮಾಡಿಕೊಂಡವರು ಚಾಮರಾಜೇಂದ್ರ ಒಡೆಯರ್. ನಮ್ಮ ಚಾಮರಾಜಪೇಟೆಗೆ ಹೆಸರು ಬಂದದ್ದು ಇದೇ ಅರಸರಿಂದ. ಅಲ್ಲಿಗೆ ಬರುವ ಮೊದಲು ವಿವೇಕಾನಂದರು ಪರಿವ್ರಾಜಕರಾಗಿ ಊರೂರು ಅಲೆದಿದ್ದರು. ಒಂದು ದಿನ ಅರಮನೆಯ ಊಟ, ಇನ್ನೊಂದು ದಿನ ಉಪವಾಸ. ಅಮೆರಿಕಕ್ಕೆ ಹೊರಡುವವರಿಗೆ ಇದನ್ನು ತರಬೇತಿ ಎಂದು ಯಾರೂ ಕರೆದಿರಲಿಲ್ಲ. 1893ರ ಸೆಪ್ಟೆಂಬರಿನಲ್ಲಿ ಅವರು ಶಿಕಾಗೊ ತಲುಪಿದಾಗ ಸಮ್ಮೇಳನದ ಕಚೇರಿಯ ವಿಳಾಸ ಕಳೆದುಹೋಗಿತ್ತು. ರಾತ್ರಿಯನ್ನು ರೈಲು ನಿಲ್ದಾಣದ ಬಳಿ ಒಂದು ಖಾಲಿ ಸರಕು ಡಬ್ಬಿಯಲ್ಲಿ ಕಳೆದರು. ಬೆಳಗ್ಗೆ ಎದ್ದು ಸಂನ್ಯಾಸಿಗೆ ಗೊತ್ತಿರುವ ಕೆಲಸವನ್ನೇ ಮಾಡಿದರು, ಮನೆ ಮನೆಯ ಬಾಗಿಲು ತಟ್ಟಿದರು. ಬಾಗಿಲುಗಳು ಮುಚ್ಚಿಕೊಂಡವು. ದಣಿದು ರಸ್ತೆಯ ಪಕ್ಕದಲ್ಲಿ ಕುಳಿತಿದ್ದಾಗ ಎದುರು ಮನೆಯಿಂದ ಶ್ರೀಮತಿ ಹೇಲ್ ಬಂದು ವಿಚಾರಿಸಿ, ಮನೆಗೆ ಕರೆದೊಯ್ದು ಉಪಚರಿಸಿದರು.

ಅದಾದ ಮೇಲೆ ನಡೆದ ಭಾಷಣ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಮೊದಲಿನ ಆ ಬೆಳಗ್ಗೆ ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಆ ದೇಶಕ್ಕೆ ಏನನ್ನೋ ಕೊಡಲು ಬಂದವರು ಮೊದಲು ಆ ದೇಶದ ಒಬ್ಬ ಹೆಂಗಸಿನ ಕೈಯಿಂದ ಪಡೆದರು, ಮುಂದೆ ಆಕೆಯನ್ನು ತಾಯಿ ಎಂದೇ ಕರೆದರು. ಹಾಗೆ ಕರೆದ ಮೇಲೆ ಆ ಜನರನ್ನು ಬರೀ ‘ಕೇಳುಗರು’ ಎಂದು ನೋಡುವುದು ಸಾಧ್ಯವಿರಲಿಲ್ಲ.

ರಾಮಕೃಷ್ಣ ಸಂಘದಲ್ಲಿ ಸಂನ್ಯಾಸ ಪಡೆದ ಹೊಸಬರು ಕೆಲವು ದಿನ ಭಿಕ್ಷೆಗೆ ಹೋಗುವ ಪದ್ಧತಿ ಇದೆ. ದುಂಬಿ ಹೂವಿಂದ ಹೂವಿಗೆ ಹೋದಂತೆ ಒಂದೊಂದು ಮನೆಯಿಂದ ತುಸು ತುಸು ಪಡೆಯುವುದರಿಂದ ಅದಕ್ಕೆ ಮಧುಕರಿ ಎಂದು ಹೆಸರು. ದಾಸರ ಪದ ಕೇಳಿ ಬೆಳೆದವರಿಗೆ ಆ ಮಾತು ಹೊಸದಲ್ಲ. ಆಶ್ರಮದ ಅಡುಗೆಮನೆಯೂ ಇಂಥದೇ ಪಾಠಶಾಲೆ. ಹದಿಹರೆಯದಲ್ಲಿ, 1926ರಲ್ಲಿ ಮೈಸೂರಿನ ಆಶ್ರಮ ಸೇರಿದ ರಂಗನಾಥಾನಂದರಿಗೆ ಮೊದಲ ವರ್ಷಗಳಲ್ಲಿ ಸಿಕ್ಕಿದ್ದು ಅಡುಗೆ ಮಾಡುವ, ಪಾತ್ರೆ ತೊಳೆಯುವ ಕೆಲಸ. ಮುಂದೆ ಹಲವು ದೇಶಗಳಲ್ಲಿ ಸಾವಿರಾರು ಜನರೆದುರು ಮಾತಾಡಿದವರ ತರಬೇತಿ ಶುರುವಾದದ್ದು, ಯಾರಿಗೆ ಎಷ್ಟು ಹಸಿವಿದೆ ಎಂದು ತಿಳಿಯುವುದರಿಂದ.

ಈಗ ಎದುರು ದಿಕ್ಕಿನಿಂದ ಬಂದವರೊಬ್ಬರನ್ನು ನೋಡೋಣ. ಇಪ್ಪತ್ತೊಂದು ವರ್ಷದ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನ ತರಬೇತಿ ಮುಗಿಸಿ 1853ರಲ್ಲಿ ಕನ್ನಡ ನಾಡಿಗೆ ಬಂದರು. ಬಂದದ್ದು ಕ್ರಿಸ್ತನ ಸುವಾರ್ತೆ ಹೇಳಲು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಆದರೆ ಹೇಳಲು ಮಾತು ಬೇಕಲ್ಲ, ಮಾತು ಇದ್ದದ್ದು ಇಲ್ಲಿನವರ ಹತ್ತಿರ. ಕಲಿಯಲು ಕುಳಿತವರು ಕಲಿಯುತ್ತಲೇ ಹೋದರು. ಜನರ ನಡುವೆ ಅವರಂತೆಯೇ ಬದುಕಬೇಕೆಂಬ ಅವರ ಹಂಬಲ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ‘ಕಥಾಮಾಲೆ’ ಬಂತು. ಅನಂತರ ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು. 1894ರಲ್ಲಿ, ಇಲ್ಲಿನ ಪಂಡಿತರ ನೆರವಿನಿಂದ, ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕೊಡಲು ಬಂದವರು ನಲವತ್ತು ವರ್ಷಗಳ ಮೇಲೆ ನಮಗೆ ಕೊಟ್ಟದ್ದು ನಮ್ಮದೇ ಮಾತನ್ನು. ಹೀಗೆಂದು ಅವರ ಕ್ರೈಸ್ತ ನಂಬಿಕೆ ಸಡಿಲವಾಗಲಿಲ್ಲ. ಗಟ್ಟಿ ನಂಬಿಕೆಯೂ ತೆರೆದ ಕಿವಿಯೂ ಒಬ್ಬರಲ್ಲೇ ಇರಬಹುದು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳಿವೆ, ಎರಡನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೊದಲನೆಯದು: ಪಡೆಯುವುದನ್ನು ಕಲಿಸಿದರೆ ಅದೂ ಒಂದು ಉಪಾಯವಾಗಿಬಿಡಬಹುದು. ಭಾಷೆ ಕಲಿ, ಅವರ ಮನೆಯಲ್ಲಿ ಉಣ್ಣು, ಆಮೇಲೆ ನಿನ್ನ ಮಾತಿಗೆ ಒಪ್ಪುತ್ತಾರೆ ಎನ್ನುವ ಲೆಕ್ಕಾಚಾರ. ನಿಜ. ಅಲ್ಲದೆ 1853ರಲ್ಲಿ ಬಂದ ಪಾದ್ರಿಯ ಹಿಂದೆ ಕಂಪನಿ ಸರ್ಕಾರದ ನೆರಳಿತ್ತು. ಅಂಥವನು ಪೂರ್ತಿ ಅತಿಥಿಯಾಗುವುದು ಕಷ್ಟ. ಶಿಕಾಗೊದ ಬೀದಿಯಲ್ಲಿ ಕುಳಿತವರ ಹಿಂದೆ ಯಾವ ಸರ್ಕಾರವೂ ಇರಲಿಲ್ಲ. ಆದರೆ ಇಂದು ನಮ್ಮಿಂದ ಹೊರಡುವ ಸಂಸ್ಥೆಗಳ ಹಿಂದೆ ಹಣವೂ ಕಟ್ಟಡಗಳೂ ಪ್ರಭಾವವೂ ಇರಬಹುದು. ಆದ್ದರಿಂದ ಈ ಪ್ರಶ್ನೆಯನ್ನು ಪಾದ್ರಿಗಳಿಗೆ ಮಾತ್ರ ಕೇಳಿ ಸುಮ್ಮನಾಗುವಂತಿಲ್ಲ. ಉಪಾಯವೋ ನಿಜವೋ ಎಂದು ತಿಳಿಯುವ ಬಗೆ ಒಂದೇ: ಎದುರಿನವರು ಕೊನೆಗೂ ಒಪ್ಪದೇ ಹೋದಾಗ ಅವನು ಆ ಮನೆಗೆ ಮತ್ತೆ ಹೋಗುತ್ತಾನೆಯೇ?

ಎರಡನೆಯದು: ಪಡೆಯುವುದರಲ್ಲಿ ಅವಮಾನವೂ ಇದೆ. ಹಳೆಯ ಬೆಂಗಳೂರಿನ ಬಡ ವಿದ್ಯಾರ್ಥಿಗಳ ವಾರಾನ್ನವನ್ನು ನೆನೆದುಕೊಳ್ಳಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹಾಗೆ ಓದಿ ಮುಂದೆ ಬಂದವರಲ್ಲಿ ಕೆಲವರು ಆ ಮನೆಗಳನ್ನು ಕೃತಜ್ಞತೆಯಿಂದ ನೆನೆದರು, ಕೆಲವರಿಗೆ ಅದು ಮಾಗದ ಗಾಯವಾಗಿ ಉಳಿಯಿತು. ಜಾತಿಯ ಕಾರಣಕ್ಕೆ ಆ ಬಾಗಿಲುಗಳು ಎಷ್ಟೋ ಹುಡುಗರಿಗೆ ತೆರೆಯಲೇ ಇಲ್ಲ. ಬೇರೆ ದಾರಿಯಿಲ್ಲದೆ ಬೇಡಿದವನಿಗೆ ಅದು ಗುಣ ಕಲಿಸುವ ಪಾಠ ಎಂದು ಉಪದೇಶ ಮಾಡುವುದು ಕ್ರೌರ್ಯ. ನಾನು ಹೇಳುತ್ತಿರುವುದು ಕೊಡುವ ಅಧಿಕಾರ ತನಗಿದೆ ಎಂದುಕೊಂಡವನ ಬಗ್ಗೆ. ಅವನೇ ಬೇಕೆಂದು ಕೈ ಕೆಳಗೆ ಮಾಡಬೇಕು. ಯಾರು ಕೊಟ್ಟರು, ಯಾವ ಜಾತಿ, ಯಾವ ಮತ ಎಂದು ಕೇಳದೆ ಪಡೆಯಬೇಕು.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಇದು ಸಂನ್ಯಾಸಿಗಳ, ಪಾದ್ರಿಗಳ ಮಾತಾಯಿತು ಎನ್ನಬಹುದು. ಮಲ್ಲೇಶ್ವರದ, ಬಸವನಗುಡಿಯ ಎಷ್ಟೋ ಮನೆಗಳಲ್ಲಿ ವರ್ಷ ವರ್ಷ ಸೂಟ್‌ಕೇಸ್ ತುಂಬುವ ಕೆಲಸ ನಡೆಯುತ್ತದೆ. ಚಟ್ನಿಪುಡಿ, ಹುಳಿಪುಡಿಗಳ ಜೊತೆಗೆ “ನಮ್ಮ ಸಂಸ್ಕೃತಿ ಮರೀಬೇಡಪ್ಪ” ಎಂಬ ಮಾತನ್ನೂ ಕಟ್ಟಿ ಕಳಿಸುತ್ತಾರೆ. ಓದಲು ಹೋಗುವವನೂ ಒಂದಿಷ್ಟು ಮಿಷನರಿಯೇ. ತನ್ನದು ಶ್ರೇಷ್ಠ ಎಂಬ ಗುಟ್ಟಾದ ನಂಬಿಕೆ ಅವನಲ್ಲಿಯೂ ಇರುತ್ತದೆ. ಮರೆಯಬೇಕಾಗಿಲ್ಲ. ಆದರೆ ಆ ಪುಡಿಗಳು ಮುಗಿದ ಮೇಲೆ ಪಕ್ಕದ ಕೋಣೆಯವನು ತನ್ನ ಅಡುಗೆಯಲ್ಲಿ ಒಂದು ತುತ್ತು ಕೊಟ್ಟಾಗ, ಅದರ ಹೆಸರೇನು, ನಿಮ್ಮಮ್ಮ ಹೇಗೆ ಮಾಡುತ್ತಾರೆ ಎಂದು ಕೇಳುವಷ್ಟು ಜಾಗ ಮನಸ್ಸಿನಲ್ಲಿರಬೇಕು.

ಹೊರಡುವ ತರುಣನಿಗೆ ಉಳಿದಿರುವ ದಿನಗಳಲ್ಲಿ ಹೊಸ ಉತ್ತರಗಳನ್ನು ಕಲಿಸುವುದು ಬೇಡ. ಉತ್ತರಗಳು ಅವನಲ್ಲಿ ಸಾಕಷ್ಟಿವೆ. ಪರಿಚಯವಿಲ್ಲದ ಬೀದಿಯೊಂದಕ್ಕೆ ಅವನನ್ನು ಬರಿಗೈಯಲ್ಲಿ ಕಳಿಸಿ, ಒಂದು ಹೊತ್ತಿನ ಊಟ ಕೇಳಿ ತರಲಿ. ಕೊಟ್ಟವರ ಹೆಸರನ್ನೂ ಅವರು ಆಡಿದ ಮಾತನ್ನೂ ನೆನಪಿಟ್ಟುಕೊಂಡು ಬಂದರೆ ಅವನು ಹೊರಡಬಹುದು.